ಹಸುರೆಲ್ಲ ಮೇವಲ್ಲ



ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಹಸುರಾಗಿರುವುದೆಲ್ಲ ಮೇವಲ್ಲ ಎಂಬ ಮಾತನ್ನೂ ಅದರ ಪಕ್ಕದಲ್ಲಿ ಇಡಬಹುದು. ಜೋಳದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರುತ್ತದೆ. ಎಳೆ ಹಸುರು, ನೋಡಿದರೆ ಕಣ್ಣು ತಣಿಯುತ್ತದೆ. ಹಗ್ಗ ಬಿಚ್ಚಿಕೊಂಡ ಎತ್ತು ಅಲ್ಲಿಗೆ ನುಗ್ಗಿ ಒಂದಿಷ್ಟು ಮೇದರೆ ಸಾಕು, ಎಷ್ಟೋ ಸಲ ಉಸಿರು ಕಟ್ಟಿ ನೆಲಕ್ಕೆ ಬೀಳುತ್ತದೆ. ಪಶುವೈದ್ಯರು ಬೇಗ ಬಂದು ಸೂಜಿಮದ್ದು ಕೊಡದಿದ್ದರೆ ಜೀವ ಉಳಿಯುವುದು ಕಷ್ಟ. ಆ ಎತ್ತಿಗೆ ಹೊರಗಿನವರು ಯಾರೂ ವಿಷ ಹಾಕಿಲ್ಲ. ವಿಷ ಇದ್ದದ್ದು ಗಿಡದ ಒಳಗೇ.

ಈಚೆಗೆ ಪತ್ರಿಕೆಯಲ್ಲಿ, ಫೋನಿನಲ್ಲಿ ಓದಿದ ತರುಣರು ಬಂದು ಕೇಳುತ್ತಾರೆ: "ಹೊರದೇಶದಲ್ಲಿ ಜೀನು ಬದಲಾಯಿಸಿದ ಹುಲ್ಲು ಬಂದಿದೆಯಂತೆ, ಹೌದೇ? ಅದನ್ನು ಮೇಯಿಸಿದರೆ ಹಾಲು ಹೆಚ್ಚುತ್ತದೆಯೋ, ದನಕ್ಕೆ ಕೇಡೋ?" ಕೇಳುವುದು ಸರಿಯೇ. ಆದರೆ ಇದಕ್ಕೆ ಒಂದೇ ಮಾತಿನಲ್ಲಿ ಹೌದು, ಅಲ್ಲ ಎಂದು ಹೇಳಿಬಿಟ್ಟರೆ ನಿಮಗೆ ಉಪಯೋಗವಿಲ್ಲ. ಹುಲ್ಲನ್ನೂ ಕ್ಲೋವರ್ ಎಂಬ ಮೇವಿನ ಸೊಪ್ಪನ್ನೂ ಸುಧಾರಿಸಲು ಜನ ನೂರಕ್ಕೂ ಹೆಚ್ಚು ವರ್ಷಗಳಿಂದ ಪಟ್ಟ ಪಾಡು ಏನು, ಎಲ್ಲಿ ಗೆದ್ದರು, ಎಲ್ಲಿ ಬಿದ್ದರು ಎಂಬುದನ್ನು ತಿಳಿದುಕೊಂಡರೆ ಉತ್ತರ ನಿಮಗೇ ಹೊಳೆಯುತ್ತದೆ. ಆ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ನೆಲದೊಳಗೆ ಬೀಜ ಹೂಳುವ ಸೊಪ್ಪು

ಮೊದಲು, ಕ್ಲೋವರ್ ಎಂದರೇನು? ಮೆಂತ್ಯದ ಸೊಪ್ಪನ್ನು ನೆನಸಿಕೊಳ್ಳಿ. ಒಂದು ತೊಟ್ಟಿಗೆ ಮೂರು ಎಲೆ. ಕ್ಲೋವರಿಗೂ ಹಾಗೆಯೇ ಮೂರು ಎಲೆ. ಇದು ದ್ವಿದಳ ಜಾತಿಯ ಸಸ್ಯ. ಅಲಸಂದೆ, ಹುರುಳಿಯ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯಲ್ಲಿರುವ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ನಾವು ಬೆಳೆಯುವ ಕುದುರೆ ಮಸಾಲೆ, ಅಂದರೆ ಲೂಸರ್ನ್, ಇದರ ದಾಯಾದಿ. ಉತ್ತರ ಹಿಂದೂಸ್ಥಾನದಲ್ಲಿ ಚಳಿಗಾಲಕ್ಕೆ ಬೆಳೆಯುವ ಬರ್ಸೀಮ್ ಕೂಡ ಒಂದು ಕ್ಲೋವರೇ. ಅದು ಈಜಿಪ್ಟಿನಿಂದ ಬಂದದ್ದು. ಕ್ಲೋವರುಗಳು ಸಾಮಾನ್ಯವಾಗಿ ತಂಪು ಹವೆಯವು. ನಮ್ಮ ಬಿಸಿಲಿಗೆ ಅವು ಹೆಚ್ಚು ಒಗ್ಗಲಿಲ್ಲ. ಆದ್ದರಿಂದ ಕಥೆ ಕೇಳಲು ನಾವು ಸ್ವಲ್ಪ ದೂರ ಹೋಗಬೇಕು, ಆಸ್ಟ್ರೇಲಿಯಾಕ್ಕೆ.

1889ನೇ ಇಸವಿ. ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಬಾರ್ಕರ್ ಬಳಿ ಏಮಸ್ ಹೋವರ್ಡ್ ಎಂಬಾತ ಸಸಿಗಳ ತೋಟ ಇಟ್ಟುಕೊಂಡಿದ್ದ. ಹತ್ತಿರದ ಹೊಲವೊಂದರಲ್ಲಿ ಸೊಂಪಾಗಿ ಹಬ್ಬಿದ್ದ ಒಂದು ಕ್ಲೋವರ್ ಆತನ ಕಣ್ಣಿಗೆ ಬಿತ್ತು. ಯಾರೂ ಬಿತ್ತಿದ್ದಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳಿಂದ ಹೇಗೋ ಬಂದು ನೆಲೆಯೂರಿದ ಕಳೆ. ಇದರ ಸ್ವಭಾವ ನಮ್ಮ ಕಡಲೆಕಾಯಿಯದೇ. ಹೂ ಮೇಲೆ, ಕಾಯಿ ನೆಲದೊಳಗೆ. ಹೂವಾದ ಮೇಲೆ ತೊಟ್ಟು ಬಾಗಿ ಬೀಜವನ್ನು ತಾನೇ ಮಣ್ಣಿಗೆ ಹೂಳುತ್ತದೆ. ಬೇಸಿಗೆಯಲ್ಲಿ ಗಿಡ ಒಣಗಿ ಹೋದರೂ ಮಳೆ ಬಿದ್ದೊಡನೆ ಮತ್ತೆ ಹುಟ್ಟುತ್ತದೆ. ಕುರಿ ಎಷ್ಟು ಮೇದರೂ ಬೀಜ ಸುರಕ್ಷಿತ. ನೆಲದೊಳಗಿನ ಬೀಜದಿಂದಾಗಿ ಇದಕ್ಕೆ ನೆಲಕ್ಲೋವರ್ ಎಂದೇ ಹೇಳೋಣ.

ಹೋವರ್ಡ್ ಸುಮ್ಮನೆ ಕೂಡಲಿಲ್ಲ. ಈ ಸೊಪ್ಪಿನ ಗುಣವನ್ನು ಪತ್ರಿಕೆಗಳಿಗೆ ಬರೆದ, ಬೀಜ ಒಟ್ಟುಮಾಡಿ ಜನಕ್ಕೆ ಒದಗಿಸಿದ. ಮೊದಮೊದಲು ಕಿವಿಗೊಟ್ಟವರು ಕಡಿಮೆ. ಆಮೇಲೆ ತಿಳಿಯಿತು, ನೆಲಕ್ಲೋವರಿಗೆ ಸೂಪರ್ ಫಾಸ್ಫೇಟ್ ಗೊಬ್ಬರ ಜೊತೆಗೂಡಿದರೆ ಬಡ ನೆಲವೂ ಹಸುರಾಗುತ್ತದೆ ಎಂದು. ದಕ್ಷಿಣ ಆಸ್ಟ್ರೇಲಿಯಾ ಮಾತ್ರವಲ್ಲ, ಪಶ್ಚಿಮ ಆಸ್ಟ್ರೇಲಿಯಾದ ತೆಳು ಮಣ್ಣಿನ ಬೀಡುಗಳಿಗೂ ಈ ಸೊಪ್ಪು ಹಬ್ಬಿತು. ಕುರಿಮಂದೆ ದೊಡ್ಡದಾಯಿತು. ಬೇಗ ಹೂ ಬಿಡುವ, ಕಡಿಮೆ ಮಳೆಗೂ ಬರುವ ಡ್ವಾಲ್ಗನಪ್ ಎಂಬ ತಳಿಗೆ ಬಹಳ ಬೇಡಿಕೆ ಬಂತು. ಎಕರೆಗೆ ಎಷ್ಟು ಸೊಪ್ಪು, ಎಷ್ಟು ಕುರಿ ಸಾಕಬಹುದು, ಇಷ್ಟೇ ಆಗಿನ ಲೆಕ್ಕ.

ಮರಿ ಹಾಕದ ಕುರಿಗಳು

1940ರ ದಶಕದ ಆರಂಭದಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರಿಗಾಹಿಗಳಿಗೆ ಒಂದು ವಿಚಿತ್ರ ಸಂಕಟ ಎದುರಾಯಿತು. ಕುರಿಗಳು ಮೈಕೈ ತುಂಬಿಕೊಂಡು ಚೆನ್ನಾಗಿವೆ. ಮೇವಿಗೆ ಕೊರತೆಯಿಲ್ಲ. ಆದರೆ ಗಬ್ಬ ಕಟ್ಟುವುದಿಲ್ಲ. ಟಗರು ಬದಲಾಯಿಸಿ ನೋಡಿದರೂ ಅಷ್ಟೆ. ಗಬ್ಬವಾದವುಗಳಿಗೆ ಹೆರಿಗೆ ಕಷ್ಟ. ಕೆಲವಕ್ಕೆ ಗರ್ಭಕೋಶವೇ ಹೊರಗೆ ಜಾರಿತು. ಟಗರಿಗೆ ಬಿಡದ ಹೆಣ್ಣು ಕುರಿಗಳ ಕೆಚ್ಚಲಿನಲ್ಲಿ ಹಾಲು ಇಳಿಯಿತು. ಇನ್ನೂ ಸೋಜಿಗವೆಂದರೆ, ಬೀಜ ಒಡೆದ ಟಗರುಗಳಿಗೂ ಮೊಲೆ ಬೆಳೆದು ಹಾಲು ಜಿನುಗಿತು! ನಮ್ಮ ಊರಾಗಿದ್ದರೆ ಗಾಳಿಯೋ, ಮಾಟವೋ ಎನ್ನುತ್ತಿದ್ದರು.

1946ರಲ್ಲಿ ಬೆನೆಟ್ಸ್, ಅಂಡರ್‌ವುಡ್, ಶಿಯರ್ ಎಂಬ ಮೂವರು ವಿಜ್ಞಾನಿಗಳು ಇದನ್ನು ವಿವರವಾಗಿ ಬರೆದು ಪ್ರಕಟಿಸಿದರು. ರೋಗದ ಮೂಲ ನೆಲಕ್ಲೋವರ್ ಸೊಪ್ಪೇ ಎಂದು ತೋರಿಸಿದರು. ಹೆಣ್ಣು ಪ್ರಾಣಿಯ ದೇಹದಲ್ಲಿ ಬೆದೆಯನ್ನೂ ಗರ್ಭವನ್ನೂ ನಡೆಸುವ ಒಂದು ರಸ ಇದೆ, ಈಸ್ಟ್ರೊಜನ್ ಎಂದು ಅದರ ಹೆಸರು. ಆ ರಸದಂತೆಯೇ ಕೆಲಸ ಮಾಡುವ ವಸ್ತು ಈ ಸೊಪ್ಪಿನಲ್ಲಿತ್ತು. ದಿನವೂ ಅದೇ ಸೊಪ್ಪು ಮೇದು ಮೇದು ಕುರಿಯ ಗರ್ಭಕೋಶ ಕೆಟ್ಟು ಹೋಗುತ್ತಿತ್ತು. ಬಹುಕಾಲ ಮೇದ ಕುರಿಗಳಲ್ಲಿ ಈ ಕೇಡು ಮತ್ತೆ ಸರಿಹೋಗದಷ್ಟು ಬೇರೂರುತ್ತಿತ್ತು.

ಸೊಪ್ಪಿನಲ್ಲಿರುವ ಯಾವ ವಸ್ತು ಎಂದು ಹುಡುಕುವಾಗ ನಡೆದದ್ದನ್ನು ಗಮನವಿಟ್ಟು ಓದಿ. ಇಂದಿನ ಮಾತಿಗೆಲ್ಲ ಇದೇ ಬೇರು. ವಿಜ್ಞಾನಿಗಳು ಸೊಪ್ಪಿನಿಂದ ಒಂದೊಂದೇ ವಸ್ತುವನ್ನು ಬೇರ್ಪಡಿಸಿ ಇಲಿಗಳಿಗೆ ತಿನ್ನಿಸಿದರು. 1951ರಲ್ಲಿ ಜೆನಿಸ್ಟೀನ್ ಎಂಬ ವಸ್ತು ಸಿಕ್ಕಿತು. ಇಲಿಯಲ್ಲಿ ಅದು ಜೋರಾಗಿ ಕೆಲಸ ಮಾಡಿತು. ಕಳ್ಳ ಸಿಕ್ಕಿದ ಎಂದುಕೊಂಡರು. ಅದೇ ಸೊಪ್ಪಿನಲ್ಲಿ ಫಾರ್ಮೊನೊನೆಟಿನ್ ಎಂಬ ಇನ್ನೊಂದು ವಸ್ತು ಇತ್ತು. ಇಲಿಯಲ್ಲಿ ಅದರ ಪ್ರಭಾವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆದರೆ ಕುರಿ ಇಲಿಯಲ್ಲ, ಮೆಲುಕು ಹಾಕುವ ಪ್ರಾಣಿ. ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಜೆನಿಸ್ಟೀನನ್ನು ಒಡೆದು ನಿರುಪದ್ರವಿ ಮಾಡುತ್ತಿದ್ದವು. ಫಾರ್ಮೊನೊನೆಟಿನ್ನನ್ನೋ, ಈಕ್ವಾಲ್ ಎಂಬ ಬಲವಾದ ವಸ್ತುವಾಗಿ ಮಾರ್ಪಡಿಸುತ್ತಿದ್ದವು. ಇಲಿಗೆ ಸಾಧುವಾಗಿದ್ದದ್ದು ಕುರಿಯ ಹೊಟ್ಟೆಯಲ್ಲಿ ಕೇಡಾಗಿ ಹುಟ್ಟುತ್ತಿತ್ತು. 1960ರ ದಶಕದ ನಡುವೆ ಈ ಗುಟ್ಟು ಬಯಲಾಯಿತು.

ಅಲ್ಲಿಂದ ತಳಿ ಆರಿಸುವ ರೀತಿಯೇ ಬದಲಾಯಿತು. ಡ್ವಾಲ್ಗನಪ್, ಡಿನ್ನಿನಪ್, ಯಾರ್ಲೂಪ್ ತಳಿಗಳಲ್ಲಿ ಈ ವಸ್ತು ಹೆಚ್ಚು ಎಂದು ಗೊತ್ತಾಯಿತು. ಗಿಡಗಿಡದ ಎಲೆ ಕಿತ್ತು ಪರೀಕ್ಷಿಸಿ, ಫಾರ್ಮೊನೊನೆಟಿನ್ ಕಡಿಮೆ ಇರುವ ಗಿಡಗಳನ್ನೇ ಆಯ್ದು, ಡಾಲಿಯಾಕ್, ಸೀಟನ್ ಪಾರ್ಕ್ ಮುಂತಾದ ತಳಿಗಳನ್ನು 1960ರ ದಶಕದಲ್ಲಿ ರೈತರಿಗೆ ಕೊಟ್ಟರು. ರಂಜಕದ ಕೊರತೆಯಾದರೆ ಸೊಪ್ಪಿನಲ್ಲಿ ಈ ವಸ್ತು ಹೆಚ್ಚುತ್ತದೆ ಎಂಬುದೂ ತಿಳಿಯಿತು. ಕ್ಲೋವರ್ ಒಂದನ್ನೇ ಮೇಯಿಸದೆ ಹುಲ್ಲು ಬೆರೆಸುವ ಪದ್ಧತಿ ಬಂತು. ಆದರೂ ಕಷ್ಟ ಪೂರಾ ಮುಗಿಯಲಿಲ್ಲ. ಏಕೆಂದರೆ ಹಳೆಯ ತಳಿಯ ಬೀಜ ನೆಲದೊಳಗೆ ಕೂತಿತ್ತಲ್ಲ! ಹೊಸ ತಳಿ ಬಿತ್ತಿದರೂ ಹಳೆಯದು ವರ್ಷವರ್ಷವೂ ಹುಟ್ಟಿ ಬರುತ್ತಿತ್ತು. ಒಮ್ಮೆ ನೆಲಕ್ಕೆ ಬಿಟ್ಟ ಬೀಜವನ್ನು ಹಿಂದಕ್ಕೆ ಕರೆಯುವುದು ಎಷ್ಟು ಕಷ್ಟ ನೋಡಿ.

ಹುಲ್ಲಿನೊಳಗಿನ ಬಾಡಿಗೆದಾರ

ಇನ್ನು ಹುಲ್ಲಿನ ಮಾತಿಗೆ ಬರೋಣ. ಆಸ್ಟ್ರೇಲಿಯಾದ ಆಚೆಗೆ ನ್ಯೂಜಿಲೆಂಡ್ ಇದೆ. ಹೈನು ಅಲ್ಲಿನ ಮುಖ್ಯ ಕಸುಬು. ಅಲ್ಲಿ ಬಹುಪಾಲು ಹಸುಗಳು ಬಯಲಲ್ಲೇ ಮೇಯುತ್ತವೆ. ಬಯಲ ತುಂಬ ರೈಗ್ರಾಸ್ ಎಂಬ ಹುಲ್ಲು, ಅದರ ನಡುವೆ ಬಿಳಿ ಕ್ಲೋವರ್. ಬೇಸಿಗೆ ಕಳೆಯುವ ಹೊತ್ತಿಗೆ ಅಲ್ಲಿ ದನ, ಕುರಿಗಳಿಗೆ ಒಂದು ರೋಗ ಬರುತ್ತಿತ್ತು. ಸುಮ್ಮನೆ ನಿಂತಾಗ ತಲೆ ನಡುಗುತ್ತದೆ. ಓಡಿಸಿದರೆ ಕಾಲು ಸೆಟೆದು ಕುಡಿದವರ ಹಾಗೆ ತೂರಾಡಿ ಬೀಳುತ್ತವೆ. ಕಾರಣ ಬಹಳ ವರ್ಷ ತಿಳಿದಿರಲಿಲ್ಲ.

1981ರಲ್ಲಿ ಉತ್ತರ ಸಿಕ್ಕಿತು. ಹುಲ್ಲಿನ ದೇಹದೊಳಗೇ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಜೀವಿ, ವಾಸವಾಗಿತ್ತು. ಹೊರಗಿನಿಂದ ನೋಡಿದರೆ ಹುಲ್ಲು ಆರೋಗ್ಯವಾಗಿಯೇ ಕಾಣುತ್ತದೆ. ಈ ಬೂಷ್ಟು ಬೀಜದ ಮೂಲಕವೇ ತಾಯಿಗಿಡದಿಂದ ಮರಿಗಿಡಕ್ಕೆ ಇಳಿಯುತ್ತದೆ. ಅದು ತಯಾರಿಸುವ ಲೋಲಿಟ್ರೆಮ್ ಎಂಬ ವಿಷದಿಂದ ನಡುಕದ ರೋಗ. ವಿಷ ಹೆಚ್ಚಾಗಿ ಸೇರುವುದು ಹುಲ್ಲಿನ ಬುಡದಲ್ಲಿ. ಬುಡದವರೆಗೆ ಮೇಯಿಸಿದಷ್ಟೂ ರೋಗ ಹೆಚ್ಚು.

ಬೂಷ್ಟನ್ನು ಕಳೆದುಬಿಟ್ಟರೆ ಆಯಿತಲ್ಲ, ಎನ್ನುತ್ತೀರಿ. ಅದು ಸುಲಭವೂ ಹೌದು. ಬೀಜವನ್ನು ಬಹುಕಾಲ ದಾಸ್ತಾನು ಇಟ್ಟರೆ ಒಳಗಿನ ಬೂಷ್ಟು ಸತ್ತುಹೋಗುತ್ತದೆ, ಬೀಜ ಮಾತ್ರ ಮೊಳೆಯುತ್ತದೆ. ಹಾಗೆ ಬೂಷ್ಟಿಲ್ಲದ ಹುಲ್ಲು ಬೆಳೆಸಿದರು. ದನಕ್ಕೆ ನಡುಕ ಬರಲಿಲ್ಲ. ಆದರೆ ಹುಲ್ಲಿನ ಕಾಂಡ ಕೊರೆಯುವ ಒಂದು ಮೂತಿಹುಳು ಬಂದು ಹೊಲಕ್ಕೆ ಹೊಲವನ್ನೇ ತಿಂದು ಹಾಳುಮಾಡಿತು! ಇಷ್ಟು ದಿನ ಹುಳುವನ್ನು ದೂರ ಇಟ್ಟಿದ್ದದ್ದು ಅದೇ ಬೂಷ್ಟು. ಮನೆಯಲ್ಲಿ ಬಾಡಿಗೆಗಿದ್ದವನು ಗಲಾಟೆ ಮಾಡುತ್ತಾನೆಂದು ಓಡಿಸಿದ ಮೇಲೆ, ರಾತ್ರಿ ಕಾವಲು ಕಾಯುತ್ತಿದ್ದವನೂ ಅವನೇ ಎಂದು ತಿಳಿದ ಹಾಗಾಯಿತು.

ಆಮೇಲೆ ಅವರು ಮಾಡಿದ್ದು ಜಾಣತನದ ಕೆಲಸ. ಯುರೋಪಿನ ಕಾಡುಹುಲ್ಲುಗಳಲ್ಲಿ ಹುಡುಕಿ, ಹುಳುವನ್ನು ತಡೆಯುವ ಆದರೆ ದನಕ್ಕೆ ನಡುಕ ತರದ ಬೂಷ್ಟನ್ನು ಕಂಡುಹಿಡಿದರು. ಎಳೆ ಸಸಿಯನ್ನು ಸೂಜಿಮೊನೆಯಿಂದ ಸೀಳಿ ಅದನ್ನು ಒಳಗೆ ಇಟ್ಟು ಬೆಳೆಸಿದರು. ಎಆರ್ 1 ಎಂಬ ಹೆಸರಿನಲ್ಲಿ ಅಂಥ ಹುಲ್ಲಿನ ಬೀಜ 2001ರಲ್ಲಿ ಮಾರಾಟಕ್ಕೆ ಬಂತು. ಇಲ್ಲಿ ಜೀನು ಸೇರಿಸುವ ಕೆಲಸವೇ ಇಲ್ಲ ಎಂಬುದನ್ನು ನೆನಪಿಡಿ. ತಾಳ್ಮೆಯಿಂದ ಹುಡುಕಿದ್ದು, ದನಕ್ಕೆ ಮೇಯಿಸಿ ನೋಡಿದ್ದು, ಅಷ್ಟೆ.

ಜೀನು ಎಂದರೆ ಏನು, ಅದನ್ನು ಸೇರಿಸುವುದು ಹೇಗೆ

ಪ್ರತಿಯೊಂದು ಜೀವಿಯ ಕಣದಲ್ಲಿಯೂ ಅದರ ಗುಣಗಳ ಬರಹ ಇರುತ್ತದೆ. ಹೂವಿನ ಬಣ್ಣ, ಎಲೆಯ ರುಚಿ, ಕಾಂಡದ ನಾರು, ಎಲ್ಲವೂ ಅದರಲ್ಲಿ ಬರೆದಿದೆ. ಆ ಬರಹದ ಒಂದೊಂದು ತುಂಡೇ ಜೀನು ಅಥವಾ ವಂಶವಾಹಿ. ಮಗುವಿನ ಮೂಗು ಅಜ್ಜನ ಹಾಗಿದೆ ಎಂದು ನೀವು ಹೇಳುವುದೂ ಈ ಬರಹವನ್ನು ಓದಿಯೇ.

ಬರಹಗಳು ಕಲೆಯುವುದು ಹೊಸದೇನೂ ಅಲ್ಲ. ನ್ಯೂಜಿಲೆಂಡಿನ ಬಯಲಲ್ಲಿರುವ ಬಿಳಿ ಕ್ಲೋವರನ್ನೇ ನೋಡಿ. ಅದು ಎರಡು ಬೇರೆ ಕ್ಲೋವರುಗಳ ಸಂಕರ. ಒಂದು ಕಡಲ ತೀರದ್ದು, ಇನ್ನೊಂದು ಎತ್ತರದ ಬೆಟ್ಟದ್ದು. ಯುರೋಪಿನಲ್ಲಿ ಹಿಮಯುಗ ನಡೆದಿದ್ದಾಗ, ಸುಮಾರು 15 ಸಾವಿರದಿಂದ 28 ಸಾವಿರ ವರ್ಷಗಳ ಹಿಂದೆ, ಚಳಿಗೆ ಬೆಟ್ಟದ ಗಿಡ ಕೆಳಗಿಳಿದು ಕಡಲ ಗಿಡದ ನೆರೆಗೆ ಬಂತು, ಎರಡೂ ಕೂಡಿದವು ಎಂದು ವಿಜ್ಞಾನಿಗಳು 2019ರಲ್ಲಿ ಅದರ ಪೂರ್ಣ ಬರಹವನ್ನು ಓದಿ ಹೇಳಿದರು. ಅಪ್ಪ ಅಮ್ಮ ಇಬ್ಬರೂ ತಮ್ಮ ತಮ್ಮ ಜಾಗ ಬಿಟ್ಟು ಹೆಚ್ಚು ಕದಲಲಿಲ್ಲ. ಮಗು ಮಾತ್ರ ಲೋಕವೆಲ್ಲ ಸುತ್ತಿತು.

ನಮ್ಮಲ್ಲೂ ಅಂಥ ಮಗು ಇದೆ. ಆನೆಹುಲ್ಲು ಎಂದು ಕರೆಯುವ ನೇಪಿಯರ್ ಹುಲ್ಲಿಗೂ ಸಜ್ಜೆಗೂ ಸಂಕರ ಮಾಡಿದ ಹುಲ್ಲು ಎಷ್ಟೋ ಮನೆಗಳ ಬದುವಿನಲ್ಲಿದೆ. ಭಾರತದಲ್ಲಿ ಈ ಸಂಕರ ಮೊದಲು ಆದದ್ದು 1953ರಲ್ಲಿ, ಕೊಯಮತ್ತೂರಿನಲ್ಲಿ. ಸಜ್ಜೆಯ ಬರಹ 14 ಎಳೆ, ನೇಪಿಯರಿನದು 28 ಎಳೆ. ಮಗುವಿಗೆ ಎರಡರಲ್ಲಿ ಅರ್ಧರ್ಧ ಬಂದು 21 ಎಳೆ. ಬೆಸ ಸಂಖ್ಯೆಯಾದ್ದರಿಂದ ಜೋಡಿ ಕೂಡದು, ಬೀಜ ಕಟ್ಟದು. ಅದಕ್ಕೇ ನೀವು ಬೀಜ ಬಿತ್ತದೆ ತುಂಡು, ಬೇರುಸಸಿ ನೆಡುತ್ತೀರಿ. ಇದು ಕೈಯಿಂದ ಪರಾಗ ಮುಟ್ಟಿಸಿ ಮಾಡಿದ ಸಂಕರ, ಜೀನು ತೂರಿಸಿದ್ದಲ್ಲ.

ಜೀನು ತೂರಿಸುವ ವಿದ್ಯೆ ಬಂದದ್ದು 1980ರ ದಶಕದಲ್ಲಿ. ಮಣ್ಣಿನಲ್ಲಿ ಒಂದು ಬಗೆಯ ಸೂಕ್ಷ್ಮಜೀವಿ ಇದೆ. ಅದು ಗಿಡದ ಗಾಯದೊಳಗೆ ಹೊಕ್ಕು ತನ್ನ ಬರಹದ ತುಂಡನ್ನು ಗಿಡದ ಬರಹಕ್ಕೆ ಅಂಟಿಸಿ ಗಂಟು ಬರಿಸುತ್ತದೆ. ವಿಜ್ಞಾನಿಗಳು ಆ ಕೆಟ್ಟ ತುಂಡನ್ನು ತೆಗೆದು, ತಮಗೆ ಬೇಕಾದ ತುಂಡನ್ನು ಅದರ ಕೈಗೆ ಕೊಟ್ಟರು. 1983ರಲ್ಲಿ ಹೊಗೆಸೊಪ್ಪಿನ ಗಿಡದಲ್ಲಿ ಇದು ಫಲಿಸಿತು. 1987ರಲ್ಲಿ ನ್ಯೂಜಿಲೆಂಡಿನವರು ಬಿಳಿ ಕ್ಲೋವರಿನಲ್ಲಿ ಮಾಡಿ ತೋರಿಸಿದರು. ಹುಲ್ಲಿನ ಜಾತಿ ಇದಕ್ಕೆ ಬೇಗ ಬಗ್ಗಲಿಲ್ಲ. 1992ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪೊಟ್ರಿಕಸ್, ಸ್ಪಾಂಗೆನ್‌ಬರ್ಗ್ ಮತ್ತು ಜೊತೆಗಾರರು, ಗೋಡೆ ಕಳಚಿದ ಬಿಡಿ ಕಣಗಳಿಗೆ ಜೀನು ಸೇರಿಸಿ, ಆ ಕಣದಿಂದ ಫೆಸ್ಕ್ಯೂ ಎಂಬ ಎತ್ತರದ ಹುಲ್ಲನ್ನು ಬೆಳೆಸಿದರು.

ಒಗರು ಸೇರಿಸಿದ ಸೊಪ್ಪು

ಇಷ್ಟೆಲ್ಲ ಏತಕ್ಕೆ? ಒಂದು ಉದಾಹರಣೆ ಹೇಳುತ್ತೇನೆ. ಹಸಿದ ಹಸು ಎಳೆಯ ಕುದುರೆ ಮಸಾಲೆಯನ್ನು ಹೊಟ್ಟೆ ತುಂಬ ತಿಂದರೆ ಏನಾಗುತ್ತದೆ? ಎಡ ಪಕ್ಕೆ ತಮಟೆಯ ಹಾಗೆ ಉಬ್ಬುತ್ತದೆ. ಈ ಸೊಪ್ಪಿನ ಸಸಾರಜನಕ ಬೇಗ ಕರಗಿ ಹೊಟ್ಟೆಯಲ್ಲಿ ನೊರೆ ಕಟ್ಟುತ್ತದೆ. ಗಾಳಿ ನೊರೆಯಲ್ಲಿ ಸಿಕ್ಕಿಬಿದ್ದು ತೇಗಾಗಿ ಹೊರಬಾರದು. ನಮ್ಮ ಹಿರಿಯರು ಗೊಟ್ಟದಲ್ಲಿ ಎಣ್ಣೆ ಕುಡಿಸುತ್ತಿದ್ದದ್ದು ಈ ನೊರೆ ಒಡೆಯಲಿ ಎಂದೇ. ನ್ಯೂಜಿಲೆಂಡಿನ ರೈತರೂ ಬಿಳಿ ಕ್ಲೋವರಿನ ಉಬ್ಬರಕ್ಕೆ ಎಣ್ಣೆಯನ್ನೇ ಕುಡಿಸಿದರು, ಹುಲ್ಲಿನ ಮೇಲೂ ಸಿಂಪಡಿಸಿದರು.

ಕೆಲವು ಮೇವಿನ ಸೊಪ್ಪಿಗೆ ಮಾತ್ರ ಉಬ್ಬರ ಬರುವುದೇ ಇಲ್ಲ. ಏಕೆಂದು ನೋಡಿದರೆ, ಆ ಎಲೆಗಳಲ್ಲಿ ಒಗರಿನ ಅಂಶ ಇದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ, ತಂಗಡಿ ತೊಗಟೆಯಲ್ಲಿ ಇರುವುದೂ ಇದೇ ಬಗೆಯ ಒಗರು. ಅದು ಸಸಾರಜನಕವನ್ನು ಹಿಡಿದುಕೊಂಡು ನೊರೆಯಾಗಲು ಬಿಡುವುದಿಲ್ಲ. ಬಿಳಿ ಕ್ಲೋವರಿನ ಹೂವಿನಲ್ಲಿ ಒಗರು ಇದೆ, ಎಲೆಯಲ್ಲಿ ಇಲ್ಲ. ಅದರ ದಾಯಾದಿಯಾದ, ಮೊಲದ ಪಾದದಂಥ ಮೆತ್ತನೆ ಹೂವಿನ ಒಂದು ಕಾಡು ಕ್ಲೋವರಿನ ಎಲೆಯಲ್ಲಿ ಇದೆ. ನ್ಯೂಜಿಲೆಂಡಿನ ಆಗ್‌ರಿಸರ್ಚ್ ಸಂಸ್ಥೆಯ ವಿಜ್ಞಾನಿಗಳು ಆ ಕಾಡುಗಿಡದಲ್ಲಿ ಒಗರಿನ ಕೆಲಸವನ್ನು ಆರಂಭಿಸುವ ಜೀನನ್ನು ಹುಡುಕಿ, ಬಿಳಿ ಕ್ಲೋವರಿಗೂ ಲೂಸರ್ನಿಗೂ ಸೇರಿಸಿದರು. ಎಲೆಯಲ್ಲಿ ಒಗರು ಬಂತು ಎಂದು 2012ರಲ್ಲಿ ವರದಿ ಮಾಡಿದರು.

ಆದರೆ ಒಗರು ಅಡಿಗೆಯ ಉಪ್ಪಿನ ಹಾಗೆ. ಒಣ ಮೇವಿನ ತೂಕದಲ್ಲಿ ನೂರಕ್ಕೆ 2ರಿಂದ 4 ಪಾಲು ಇದ್ದರೆ ಒಳ್ಳೆಯದು. 5 ಪಾಲು ದಾಟಿದರೆ ದನ ಮೇವು ತಿನ್ನುವುದೇ ಕಡಿಮೆ, ಅರಗುವುದೂ ಕಡಿಮೆ. ಆದ್ದರಿಂದ ಎಲೆಯಲ್ಲಿ ಒಗರು ಬಂತು ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೊಲದಲ್ಲಿ, ಮಳೆ ಬಿಸಿಲಿನಲ್ಲಿ, ಹಸುವಿನ ಹೊಟ್ಟೆಯಲ್ಲಿ ಅದು ಎಷ್ಟು ನಿಲ್ಲುತ್ತದೆ ಎಂದು ನೋಡಬೇಕು. ಅಲ್ಲಿ 1996ರಲ್ಲಿ ಮಾಡಿದ ಕಾನೂನು ಬಹಳ ಬಿಗಿಯಾದದ್ದು. ಇದೇ ಸಂಸ್ಥೆ ಎಲೆಯಲ್ಲಿ ಕೊಬ್ಬಿನಂಶ ಹೆಚ್ಚಿಸಿದ ರೈಗ್ರಾಸನ್ನು ಹೊಲದಲ್ಲಿ ಬೆಳೆದು ನೋಡಲು ಅಮೇರಿಕಕ್ಕೆ ಒಯ್ಯಬೇಕಾಯಿತು.

ಜೀನು ಬದಲಿಸಿದ ಮೇವು ರೈತರ ಹೊಲಕ್ಕೆ ಬಂದಿರುವುದು ಮುಖ್ಯವಾಗಿ ಅಮೇರಿಕದಲ್ಲಿ, ಅದೂ ಲೂಸರ್ನ್. ಕಳೆನಾಶಕ ಹೊಡೆದರೂ ಸಾಯದ ಲೂಸರ್ನಿಗೆ 2005ರಲ್ಲಿ ಸರ್ಕಾರ ಅನುಮತಿ ಕೊಟ್ಟಿತು. ಬೀಜ ಬೆಳೆಯುವ ರೈತರು ಮತ್ತು ಇತರರು ನ್ಯಾಯಾಲಯಕ್ಕೆ ಹೋದರು. ಅವರ ಮಾತು ಇಷ್ಟೆ: ಲೂಸರ್ನಿನ ಪರಾಗ ಹೊರುವುದು ಜೇನುಹುಳು, ಜೇನಿಗೆ ಬೇಲಿ ಹಾಕುವವರು ಯಾರು? 2007ರಲ್ಲಿ ಹೊಸ ಬಿತ್ತನೆಗೆ ತಡೆ ಬಂತು. 2010ರಲ್ಲಿ ಮೊಕದ್ದಮೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೂ ಏರಿತು. ಹೊಸದಾಗಿ ಪರಿಶೀಲನೆ ನಡೆದು 2011ರಲ್ಲಿ ಮತ್ತೆ ಅನುಮತಿ ದೊರೆಯಿತು. 2013ರಲ್ಲಿ ವಾಷಿಂಗ್ಟನ್ ರಾಜ್ಯದ ಒಬ್ಬ ರೈತ ತಾನು ಬೆಳೆದದ್ದು ಸಾಧಾರಣ ಲೂಸರ್ನ್ ಎಂದುಕೊಂಡಿದ್ದ. ಪರೀಕ್ಷೆಯಲ್ಲಿ ಬೇರೆ ಜೀನು ಕಂಡುಬಂದು ಅವನ ಒಣಮೇವನ್ನು ಹೊರದೇಶಕ್ಕೆ ಕಳುಹಿಸುವವರು ಕೊಳ್ಳಲಿಲ್ಲ. 2014ರಲ್ಲಿ ಇನ್ನೊಂದು ಬಗೆಗೆ ಅನುಮತಿಯಾಯಿತು. ಕಾಂಡವನ್ನು ಕಟ್ಟಿಗೆಯಾಗಿಸುವ ಲಿಗ್ನಿನ್ ಅದರಲ್ಲಿ ಕಡಿಮೆ. ಕೊಯ್ಲು ಕೆಲವು ದಿನ ತಡವಾದರೂ ಮೇವು ಮೆತ್ತಗಿರುತ್ತದೆ. ಲಾಭ ಇದೆ, ತಂಟೆಯೂ ಇದೆ. ಎರಡನ್ನೂ ಹೇಳಿದ್ದೇನೆ.

ನಮ್ಮ ಜೋಳದ ಮಾತು

ಬರಹ ಓದುವ ವಿದ್ಯೆಗೆ ಇನ್ನೊಂದು ದಾರಿಯೂ ಇದೆ. ಹೊರಗಿನ ಜೀನನ್ನು ಸೇರಿಸುವುದಿಲ್ಲ, ಇರುವುದನ್ನು ಓದಿ ಆರಿಸುತ್ತಾರೆ. ರೈಗ್ರಾಸ್, ಬಿಳಿ ಕ್ಲೋವರ್, ಲೂಸರ್ನ್ ಇವೆಲ್ಲ ಪಕ್ಕದ ಗಿಡದ ಪರಾಗದಿಂದ ಬೀಜ ಕಟ್ಟುವಂಥವು. ಒಂದೇ ಚೀಲದ ಬೀಜವಾದರೂ ಗಿಡದಿಂದ ಗಿಡಕ್ಕೆ ಗುಣ ಬೇರೆ, ಸಂತೆಯ ಜನರ ಹಾಗೆ. ಅದರಲ್ಲಿ ಒಳ್ಳೆಯ ಗಿಡ ಆರಿಸಬೇಕಾದರೆ ವರ್ಷಗಟ್ಟಲೆ ಕೊಯ್ದು, ತೂಗಿ, ಮೇಯಿಸಿ ನೋಡಬೇಕು. ಈಗ ಸಸಿ ಎರಡೆಲೆ ಇರುವಾಗಲೇ ಎಲೆಚೂರು ತೆಗೆದು, ಬೇಕಾದ ಗುಣದ ಗುರುತು ಅದರ ಬರಹದಲ್ಲಿದೆಯೇ ಎಂದು ಪರೀಕ್ಷಿಸಬಹುದು. ಕಾಯುವ ಕಾಲ ಉಳಿಯುತ್ತದೆ.

ಇದರಿಂದ ಜೋಳಕ್ಕೂ ಒಂದು ದಾರಿ ಕಂಡಿದೆ. ಜೋಳದ ಎಳೆ ಎಲೆಯಲ್ಲಿ ಧುರಿನ್ ಎಂಬ ವಸ್ತು ಇದೆ. ದನ ಅಗಿದಾಗ ಅದು ಒಡೆದು ವಿಷಗಾಳಿ ಬಿಡುಗಡೆಯಾಗುತ್ತದೆ. ಕೂಳೆಯಲ್ಲಿ ಎತ್ತನ್ನು ಕೆಡವುವುದು ಇದೇ. ಆಸ್ಟ್ರೇಲಿಯಾದ ವಿಜ್ಞಾನಿಗಳು ಜೋಳದ ಬೀಜವನ್ನು ರಾಸಾಯನಿಕದಲ್ಲಿ ಉಪಚರಿಸಿ ಬರಹದಲ್ಲಿ ಅಲ್ಲಲ್ಲಿ ಅಕ್ಷರ ಬದಲಾಗುವಂತೆ ಮಾಡಿದರು. ಸಾವಿರಾರು ಸಸಿಗಳಲ್ಲಿ ಹುಡುಕಿ, ಧುರಿನ್ ತಯಾರಿಸದ ಜೋಳವನ್ನು ಕಂಡು 2012ರಲ್ಲಿ ಪ್ರಕಟಿಸಿದರು. ಇದಕ್ಕೆ ಹೊರಗಿನ ಜೀನು ಬೇಕಾಗಲಿಲ್ಲ. ಆದರೆ ರೈಗ್ರಾಸಿನ ಪಾಠ ನೆನಪಿದೆಯಲ್ಲ? ಈ ವಿಷ ಗಿಡಕ್ಕೆ ಹುಳುವಿನಿಂದ ಕಾವಲೂ ಹೌದು. ಕಾವಲು ತೆಗೆದರೆ ಗಿಡ ಹೇಗೆ ನಿಲ್ಲುತ್ತದೆ ಎಂದು ಹೊಲದಲ್ಲಿ ನೋಡಿಯೇ ತಿಳಿಯಬೇಕು.

ಅಲ್ಲಿಯವರೆಗೆ ಹಳೆಯ ಎಚ್ಚರವೇ ಗತಿ. ಹೂ ಬರುವ ಮುಂಚೆ ಜೋಳ ಮೇಯಿಸಬೇಡಿ. ಮಳೆ ಕೈಕೊಟ್ಟು ಬಾಡಿದ ಜೋಳಕ್ಕೂ, ಕೂಳೆ ಚಿಗುರಿಗೂ ದನ ಬಿಡಬೇಡಿ.

ನಿಮ್ಮ ಗೋದಲಿಗೆ ಬಂದರೆ

ನಮ್ಮ ದೇಶದಲ್ಲಿ 2002ರಲ್ಲಿ ಬಿಟಿ ಹತ್ತಿ ಬಂದದ್ದು ನಿಮಗೆ ಗೊತ್ತು. ಆದರೆ ಜೀನು ಸೇರಿಸಿದ ಹುಲ್ಲಾಗಲಿ, ಲೂಸರ್ನಾಗಲಿ ಬೇಸಾಯಕ್ಕೆ ಬಂದಿಲ್ಲ. ಯಾರಾದರೂ ಸಂತೆಯಲ್ಲಿ ಅಂಥ ಬೀಜ ಎಂದು ಮಾರಿದರೆ ನಂಬಬೇಡಿ. ಮುಂದೆ ಬಂದೀತು, ಬಾರದಿದ್ದೀತು. ಸಂಕರದ್ದಾಗಲಿ, ಆರಿಸಿದ್ದಾಗಲಿ, ಜೀನಿನದಾಗಲಿ, ಹೊಸ ಮೇವು ಮನೆಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: ಇದನ್ನು ದನಕ್ಕೆ ಮೇಯಿಸಿ ನೋಡಿದ್ದಾರೆಯೇ? ಎಷ್ಟು ದಿನ? ಹಾಲು ಮಾತ್ರ ಅಳೆದರೋ, ಬೆದೆ, ಗಬ್ಬ, ಕರುವನ್ನೂ ನೋಡಿದರೋ? ಎಕರೆಗೆ ಇಷ್ಟು ಟನ್ನು ಎಂಬ ಮಾತಿಗೆ ಮಾತ್ರ ಮರುಳಾದದ್ದರಿಂದಲೇ ಪಶ್ಚಿಮ ಆಸ್ಟ್ರೇಲಿಯಾದವರು ಮರಿಗಳನ್ನು ಕಳೆದುಕೊಂಡದ್ದು.

ಮನೆಯಲ್ಲಿ ಮಾಡಬಹುದಾದ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಒಂದು: ಹೊಸ ಮೇವನ್ನು ಮೊದಲು ಒಂದೆರಡು ಗುಂಟೆಯಲ್ಲಿ ಹಾಕಿ. ಒಣಮೇವಿನ ಜೊತೆ ಬೆರೆಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ.

ಎರಡು: ಒಂದೇ ಮೇವನ್ನು ಎಂದೂ ನೆಚ್ಚಬೇಡಿ. ಸಂಕರ ನೇಪಿಯರಿನಲ್ಲಿಯೂ ಆಕ್ಸಲೇಟ್ ಎಂಬ ಆಮ್ಲದ ಅಂಶ ಇದೆ, ಎಳೆಯದರಲ್ಲಿ ಹೆಚ್ಚು. ಅದು ದನದ ಮೈಯ ಸುಣ್ಣದಂಶವನ್ನು ಹಿಡಿಯುತ್ತದೆ. ಅಲಸಂದೆ, ಕುದುರೆ ಮಸಾಲೆಯಂಥ ದ್ವಿದಳ ಸೊಪ್ಪು ಬೆರೆಸಿ, ಲವಣದ ಮಿಶ್ರಣ ಕೊಡಿ.

ಮೂರು: ಹಸಿದ ಹಸುವಿಗೆ ಇಬ್ಬನಿ ಬಿದ್ದ ಎಳೆ ಸೊಪ್ಪು ಹಾಕಬೇಡಿ. ಮೊದಲು ಒಣಹುಲ್ಲು, ಆಮೇಲೆ ಸೊಪ್ಪು. ಉಬ್ಬರ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ನಾಲ್ಕು: ಇದು ತಾಯಂದಿರಿಗೆ. ಹಾಲು ಕರೆಯುವವರು ಹೆಚ್ಚಾಗಿ ನೀವೇ. ಮಕ್ಕಳ ಹಳೆಯ ನೋಟುಬುಕ್ಕು ಒಂದನ್ನು ಕೊಟ್ಟಿಗೆಯಲ್ಲಿ ಇಡಿ. ಯಾವ ದಿನ ಯಾವ ಮೇವು ಶುರುವಾಯಿತು, ಹಸು ಎಂದು ಬೆದೆಗೆ ಬಂತು, ಎಂದು ಕರು ಹಾಕಿತು, ಹಾಲು ಎಷ್ಟು ಎಂದು ಬರೆಯಿರಿ. ಓದುಬರಹ ಬಾರದಿದ್ದರೆ ಮಕ್ಕಳಿಂದ ಬರೆಸಿ. ಮನೆಯ ಎರಡು ಮೂರು ಹಸುಗಳು ಒಟ್ಟಿಗೆ ಗಬ್ಬ ನಿಲ್ಲದೆ ಹೋದರೆ, ವೈದ್ಯರಿಗೆ ಆ ಪುಸ್ತಕ ತೋರಿಸಿ. ಮೇವಿನದೋ, ಬೇರೆ ಕಾರಣವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ವಿಜ್ಞಾನಿಗಳು ಗಿಡದ ಬರಹ ಓದಲಿ, ಅದು ಅವರ ಕೆಲಸ. ಹಸುವಿನ ಮೈಯಲ್ಲಿ ಆ ಮೇವು ಏನು ಬರೆಯಿತು ಎಂದು ಮೊದಲು ಕಾಣುವವರು ನೀವು. ಕಂಡದ್ದನ್ನು ನಿಮ್ಮ ಊರಿನ ಪಶು ಆಸ್ಪತ್ರೆಗೆ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಬಂದು ಹೇಳಿ.